ಕತ್ತಲಾದದ್ದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಪರದೆಯ ಬಗ್ಗೆ ರೇಡಿಯೊದಲ್ಲಿ ಮಾತನಾಡಬೇಕು ಎಂದಾಗ ಮೊದಲು ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ಈ ವಿಷಯಕ್ಕೆ ಇದಕ್ಕಿಂತ ತಕ್ಕ ಜಾಗವಿಲ್ಲ ಅನ್ನಿಸಿತು. ಪರದೆಯಲ್ಲಿ ಏನೂ ಕಾಣದಿದ್ದಾಗ ನಮಗೆ ಉಳಿಯುವುದು ಕಿವಿಯೇ ತಾನೆ? ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹಲವು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ಈ ಒಂದು ಕಾಯಿಲೆಗೆ ಎಷ್ಟೋ ಸಲ ಫೋನಿನಲ್ಲಿಯೇ, ಯಂತ್ರವನ್ನು ಕಣ್ಣಿನಿಂದ ನೋಡದೆಯೇ, ಮದ್ದು ಹೇಳಿದ್ದೇನೆ.

ಫೋನ್ ಮಾಡುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, "ಡಿಸ್‌ಪ್ಲೇ ಬರುತ್ತಿಲ್ಲ." ಎರಡನೆಯದು, "ಫಾರ್ಮ್ಯಾಟ್ ಮಾಡಿಸಬೇಕೇ?" ಈ ಎರಡನೆಯ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಣ್ಣು ಮಂಜಾಗಿದೆ ಎಂದವರ ತಲೆ ಬೋಳಿಸಲು ಹೊರಟ ಹಾಗೆ ಅದು. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದ ಮದುವೆಯ ಫೋಟೊ, ಸಂಘದ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಎಲ್ಲ ಹೋಗುತ್ತವೆ. ಪರದೆ ಕಪ್ಪಾಗುವುದಕ್ಕೂ ಅವಕ್ಕೂ ಬಹಳ ಸಲ ಯಾವ ಸಂಬಂಧವೂ ಇರುವುದಿಲ್ಲ.

ಹಾಗಾಗಿ ನಾನು ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಕತ್ತಲಾದದ್ದು ಯಾವಾಗ? ಗುಂಡಿ ಒತ್ತಿದಾಗಿನಿಂದಲೇ ಏನೂ ಬರಲಿಲ್ಲವೇ? ಕಂಪನಿಯ ಹೆಸರು ಬಂದು ಮಾಯವಾಯಿತೇ? ಚುಕ್ಕಿಗಳು ಗಿರಗಿರ ತಿರುಗಿ ಆಮೇಲೆ ಹೋಯಿತೇ? ಪಾಸ್‌ವರ್ಡ್ ಹಾಕಿದ ಮೇಲೆಯೇ? ಹತ್ತಿಪ್ಪತ್ತು ಸೆಕೆಂಡಿನ ವ್ಯವಹಾರ ಇದು, ಯಾರೂ ಗಮನಿಸಿರುವುದಿಲ್ಲ. "ಇನ್ನೊಂದು ಸಲ ಆನ್ ಮಾಡಿ, ನೋಡಿ ಹೇಳಿ" ಎನ್ನುತ್ತೇನೆ.

ಮೊದಲಿನಿಂದಲೇ ಕತ್ತಲಾಗಿದ್ದರೆ ವಿಂಡೋಸನ್ನು ದೂರುವುದರಲ್ಲಿ ಅರ್ಥವಿಲ್ಲ. ಅದಿನ್ನೂ ಎದ್ದೇ ಇರುವುದಿಲ್ಲ. ಗುಂಡಿ ಒತ್ತಿದ ಕೂಡಲೇ ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕುಳಿತಿರುವ ಬಯೋಸ್ ಎಂಬ ಸಣ್ಣ ಪ್ರೋಗ್ರಾಂ. ಹೊಸ ಯಂತ್ರಗಳಲ್ಲಿ ಅದರ ಜಾಗದಲ್ಲಿ ಯುಇಎಫ್‌ಐ ಬಂದಿದೆ; ಹೆಸರು ಮಾತ್ರ ಎಲ್ಲರ ಬಾಯಲ್ಲೂ ಹಳೆಯದೇ. ಪ್ರೊಸೆಸರ್ ಇದೆಯೇ, ರ‍್ಯಾಮ್ ಎಂಬ ಮೆಮೊರಿ ಇದೆಯೇ, ಚಿತ್ರ ತೋರಿಸುವ ಚಿಪ್ ಇದೆಯೇ ಎಂದು ಇದು ಒಂದೊಂದಾಗಿ ಹಾಜರಿ ಕರೆಯುತ್ತದೆ. ಪರದೆ ಇನ್ನೂ ಸಿಕ್ಕಿಲ್ಲವಲ್ಲ, ದೂರನ್ನು ಎಲ್ಲಿ ಬರೆದು ತೋರಿಸಬೇಕು? ಅದಕ್ಕೇ ಹಳೆಯ ಯಂತ್ರಗಳು ಬೀಪ್ ಎಂದು ಕೂಗುತ್ತಿದ್ದವು. ಒಂದು ಚಿಕ್ಕ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲವೂ ಕ್ಷೇಮ. ಉದ್ದ ಬೀಪ್, ಮತ್ತೆ ಮತ್ತೆ ಬೀಪ್ ಬಂದರೆ ಏನೋ ಗೈರುಹಾಜರು. ಬಯೋಸ್ ಮಾಡಿದ ಕಂಪನಿಗೆ ತಕ್ಕಂತೆ ಈ ಭಾಷೆ ಬದಲಾಗುತ್ತದೆ. ಈಗಿನ ಕೆಲವು ಬೋರ್ಡುಗಳಲ್ಲಿ ಬೀಪ್ ಬದಲು ಪುಟ್ಟ ದೀಪಗಳಿವೆ.

ನಮ್ಮ ಕಡೆ ಮಳೆಗಾಲದಲ್ಲಿ ಗೈರಾಗುವವರಲ್ಲಿ ರ‍್ಯಾಮ್ ಮೊದಲನೆಯದು. ಆಷಾಢದ ಒಂದು ವಾರವಿಡೀ ಬಿಡದೆ ಸುರಿದ ಮೇಲೆ ಒಂದು ಕಚೇರಿಯಿಂದ ಕರೆ ಬಂತು. ಫ್ಯಾನು ತಿರುಗುತ್ತದೆ, ಪೆಟ್ಟಿಗೆ ಕೂಗುತ್ತದೆ, ಪರದೆ ಮಾತ್ರ ಕಪ್ಪು. ಹೋದೆ. ವಿದ್ಯುತ್ತಿನ ತಂತಿ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲೆಂದು ಗುಂಡಿಯನ್ನು ಒಂದಿಷ್ಟು ಹೊತ್ತು ಒತ್ತಿ ಹಿಡಿದು, ಕೈಯನ್ನು ಪೆಟ್ಟಿಗೆಯ ಬೋಳು ಲೋಹಕ್ಕೆ ತಾಗಿಸಿ, ಮುಚ್ಚಳ ತೆಗೆದೆ. ರ‍್ಯಾಮಿನ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು ಇರುತ್ತದೆ. ಅದು ಹೊಳೆಯಬೇಕು. ಇಲ್ಲಿ, ತೊಳೆಯದೆ ಬಿಟ್ಟ ಹಿತ್ತಾಳೆ ತಂಬಿಗೆಯ ಹಾಗೆ ಮಂಕಾಗಿತ್ತು. ಅಲ್ಲಿದ್ದ ಗುಮಾಸ್ತರ ಮೇಜಿನಿಂದ ಪೆನ್ಸಿಲ್ ಅಳಿಸುವ ಬಿಳಿಯ ರಬ್ಬರ್ ಕೇಳಿ ಪಡೆದು, ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದೆ. ರಬ್ಬರಿನ ತುಣುಕುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದೆ. ಎರಡೂ ತುದಿಯಲ್ಲಿ ಟಕ್ ಎಂದು ಕಚ್ಚಬೇಕು. ಒಂದು ತುದಿ ಮಾತ್ರ ಕಚ್ಚಿದರೆ ಮತ್ತೆ ಅದೇ ಕಥೆ. ಪರದೆ ಬಂತು. "ಇಷ್ಟಕ್ಕೆ ದುಡ್ಡು ಕೇಳುತ್ತೀರಾ?" ಎಂದರು ಗುಮಾಸ್ತರು. ರಬ್ಬರ್ ಅವರದೇ ಆಗಿತ್ತು, ವಾದಿಸುವ ಹಾಗಿರಲಿಲ್ಲ.

ಇದೆಲ್ಲ ನೀವೂ ಮಾಡಬಹುದು. ಒಂದನ್ನು ಮಾತ್ರ ಮುಟ್ಟಬೇಡಿ: ಕರೆಂಟು ಒಳಗೆ ಬರುವ, ನಾವು ಎಸ್‌ಎಂಪಿಎಸ್ ಎನ್ನುವ ತಗಡಿನ ಡಬ್ಬಿ. ತಂತಿ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಇನ್ನು ನಿಜವಾಗಿ ಸ್ವಾರಸ್ಯ ಇರುವುದು ಎರಡನೆಯ ಬಗೆಯಲ್ಲಿ. ಕಂಪನಿಯ ಹೆಸರು ಚೆನ್ನಾಗಿ ಬರುತ್ತದೆ, ಚುಕ್ಕಿಗಳೂ ತಿರುಗುತ್ತವೆ, ಆಮೇಲೆ ಫಕ್ಕನೆ ಕಪ್ಪು. ಜನ ಬೆದರುವುದು ಇದಕ್ಕೇ. ನನಗೆ ಮಾತ್ರ ಇದನ್ನು ಕೇಳಿದರೆ ಸಮಾಧಾನ. ಪರದೆ, ಕೇಬಲ್, ರ‍್ಯಾಮ್ ಎಲ್ಲ ಹೆಚ್ಚುಕಡಿಮೆ ಸರಿಯಾಗಿವೆ ಎಂಬುದನ್ನು ಆ ಕಂಪನಿಯ ಹೆಸರೇ ಸಾರಿ ಹೇಳಿಬಿಟ್ಟಿದೆ.

ಆ ಕ್ಷಣದಲ್ಲಿ ನಡೆಯುವುದೇನು? ಯಕ್ಷಗಾನ ನೋಡಿದವರಿಗೆ ಹೇಳುವುದು ಸುಲಭ. ಇರುಳಿನ ಆಟದಲ್ಲಿ ಮೊದಲ ಹೊತ್ತಿಗೆ ಒಬ್ಬರು ಭಾಗವತರು ಹಾಡುತ್ತಾರೆ, ನಡುರಾತ್ರಿಯ ಹೊತ್ತಿಗೆ ಎದ್ದು ಮುಖ್ಯ ಭಾಗವತರಿಗೆ ಜಾಗ ಬಿಡುತ್ತಾರೆ. ಬಂದವರು ಶ್ರುತಿ ಹಿಡಿದು ಪದ ಎತ್ತಿಕೊಳ್ಳಬೇಕು. ಎತ್ತಿಕೊಳ್ಳಲಿಲ್ಲ ಎಂದುಕೊಳ್ಳಿ, ರಂಗದ ಮೇಲೆ ವೇಷ ನಿಂತೇ ಇದೆ, ಮದ್ದಳೆಯೂ ಇದೆ, ಆಟ ಮಾತ್ರ ನಿಂತಿದೆ. ಕಂಪ್ಯೂಟರಿನಲ್ಲಿಯೂ ಮೊದಲ ಹೊತ್ತಿನ ಚಿತ್ರವನ್ನು ತೋರಿಸುವುದು ಬಯೋಸ್, ತನಗೆ ಬರುವ ಒಂದು ಸರಳ ಕ್ರಮದಲ್ಲಿ. ಆಮೇಲೆ ವಿಂಡೋಸ್ ಅಥವಾ ಲಿನಕ್ಸ್ ತನ್ನದೇ ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಚಿತ್ರ ತೋರಿಸುವ ಚಿಪ್ಪನ್ನು ನಡೆಸುವ ಪ್ರೋಗ್ರಾಮನ್ನು, ತಂದು ಕೂರಿಸುತ್ತದೆ. ಆ ಡ್ರೈವರ್ ಕೆಟ್ಟಿದ್ದರೆ, ಅಥವಾ ನಿನ್ನೆ ರಾತ್ರಿಯ ಅಪ್‌ಡೇಟ್‌ನಲ್ಲಿ ಹೊಂದದ ಡ್ರೈವರ್ ಬಂದಿದ್ದರೆ, ಕೈ ಬದಲಾಗುವ ಆ ಕ್ಷಣದಲ್ಲಿಯೇ ಕತ್ತಲು.

ಬಂದ ಡ್ರೈವರ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಪರದೆಯನ್ನು "ನೀನು ಯಾರು, ನಿನಗೆ ಎಷ್ಟು ದೊಡ್ಡ ಚಿತ್ರ ಆಗುತ್ತದೆ?" ಎಂದು ಕೇಬಲ್ ಮೂಲಕ ವಿಚಾರಿಸುವುದು. ಪರದೆ ತನ್ನ ಜಾತಕವನ್ನು ಕಳಿಸುತ್ತದೆ. ಅದರ ಮೂಲ ಭಾಗ ಬರೀ 128 ಬೈಟ್. 1987ರಲ್ಲಿ ಐಬಿಎಂ ತಂದ ವಿಜಿಎ ಜೋಡಣೆ ನಮ್ಮ ಶಾಲೆ, ಕಚೇರಿಗಳಲ್ಲಿ ಇನ್ನೂ ಉಳಿದುಕೊಂಡಿದೆ. ಆ ನೀಲಿ ತಲೆಯ ಕೇಬಲ್‌ನ 15 ಪಿನ್‌ಗಳಲ್ಲಿ 12 ಮತ್ತು 15ನೆಯವು ಈ ಮಾತುಕತೆಯ ದಾರಿ. ಅವುಗಳಲ್ಲೊಂದು ಬಗ್ಗಿದರೆ ಬಣ್ಣವೆಲ್ಲ ಸರಿಯಾಗಿ ಹರಿಯುತ್ತದೆ, ಜಾತಕ ಮಾತ್ರ ತಲುಪುವುದಿಲ್ಲ. ಆಗ ಕಂಪ್ಯೂಟರ್ ಅಂದಾಜಿನಲ್ಲಿ ಚಿತ್ರ ಕಳಿಸುತ್ತದೆ, ಪರದೆಗೆ ಅದು ಒಗ್ಗದಿದ್ದರೆ "ಔಟ್ ಆಫ್ ರೇಂಜ್" ಎಂದು ಮುಖ ತಿರುಗಿಸುತ್ತದೆ. ಯಾವುದಕ್ಕೂ ಮೊದಲು ಬೇರೊಂದು ಕೇಬಲ್ ಹಾಕಿ ನೋಡಿ.

ವಿಂಡೋಸ್ ಆಗಿದ್ದರೆ ಎರಡು ಕೀಲಿಕೈ ಇಟ್ಟುಕೊಂಡಿರಿ. ಕಪ್ಪು ಪರದೆಯ ಮುಂದೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಕೆಲವೊಮ್ಮೆ ಅಷ್ಟೇ ಸಾಕು. ಸಾಲದಿದ್ದರೆ ಸೇಫ್ ಮೋಡ್, ಅಂದರೆ ತೀರ ಅಗತ್ಯದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಏಳುವ ಬಗೆ. ಚುಕ್ಕಿ ತಿರುಗುವಾಗ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಬೇಕು. ಹೀಗೆ ಎರಡು ಮೂರು ಸಲ ಆದ ಮೇಲೆ ವಿಂಡೋಸ್ ತಾನೇ ದುರಸ್ತಿಯ ಪುಟ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಹಳೆಯ ಸರಳ ಕ್ರಮದಲ್ಲಿಯೇ ಚಿತ್ರ ಬರುತ್ತದೆ. ಹೊಸ ಡ್ರೈವರನ್ನು ತೆಗೆದುಹಾಕಿ ಹೊರಬನ್ನಿ. ಅಪ್‌ಡೇಟ್ ನಡೆಯುತ್ತಿದೆ ಎಂಬ ಅನುಮಾನ ಇದ್ದರೆ ಮಾತ್ರ ಗುಂಡಿಗೆ ಕೈ ಹಾಕಬೇಡಿ, ಹೋಗಿ ಕಾಫಿ ಕುಡಿದು ಬನ್ನಿ. ಕೆಲವು ಲ್ಯಾಪ್‌ಟಾಪ್‌ಗಳು ಈ ದಾರಿಯಲ್ಲಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀಲಿ ಕೇಳುತ್ತವೆ, ಅದನ್ನು ಇವತ್ತೇ ಒಂದು ಕಾಗದದ ಮೇಲೆ ಬರೆದಿಡಿ.

ಲಿನಕ್ಸ್ ಬಳಸುವವರಿಗೆ ಇಷ್ಟು ಹೇಳಿದರೆ ಸಾಕು: ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಒಂದೇ ಪದ ಸೇರಿಸಿ, ಎಫ್ 10 ಒತ್ತಿ. ಆ ಪದ ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಬೇಕು.

ಇನ್ನೊಂದು ತಮಾಷೆ. ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇರುವ ಯಂತ್ರಗಳಲ್ಲಿ, ಶಟ್ ಡೌನ್ ಎಂದರೆ ಪೂರ್ತಿ ಆರುವುದಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಮಡಚಿಟ್ಟು ಮಲಗುತ್ತದೆ, ಎದ್ದಾಗ ಅದನ್ನೇ ಬಿಚ್ಚುತ್ತದೆ. ಡ್ರೈವರ್ ಕೆಟ್ಟ ಸ್ಥಿತಿಯಲ್ಲಿದ್ದರೆ ಅದೂ ಜೊತೆಗೆ ಮಡಚಿಕೊಂಡು ಬರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗ. "ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ" ಎನ್ನುವವರಿಗೆ ನಾನು "ಒಂದು ಸಲ ರೀಸ್ಟಾರ್ಟ್ ಮಾಡಿ" ಎಂದರೆ ಹುಚ್ಚನೆಂಬಂತೆ ಕೇಳಿಸಿಕೊಳ್ಳುತ್ತಾರೆ.

ಲ್ಯಾಪ್‌ಟಾಪ್ ಆದರೆ ಟಾರ್ಚ್ ಮರೆಯಬೇಡಿ. ಕೋಣೆ ಕತ್ತಲು ಮಾಡಿ, ಪರದೆಗೆ ಓರೆಯಾಗಿ ಬೆಳಕು ಬಿಡಿ. ಚಿತ್ರಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಹಿಂದಿನ ಬೆಳಕು. ಅದು ಅಂಗಡಿಯ ಕೆಲಸ.

ಕಳೆದ ವರ್ಷ ಒಂದು ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು.

"ಇದು ಸತ್ತೇ ಹೋಯಿತು ಮಾರಾಯ. ಕಂಪನಿ ಹೆಸರು ಬರುತ್ತದೆ, ಆಮೇಲೆ ಕತ್ತಲು."

"ಶಬ್ದ ಏನಾದರೂ ಬಂತೇ ಮೇಷ್ಟ್ರೇ?"

"ಮೌಸಿನದು ಬಿಟ್ಟರೆ ಏನೂ ಇಲ್ಲ."

ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿತ್ತು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೂಡ ಆಯಿತು. ಕತ್ತಲು ಹಾಗೆಯೇ. ಸೇಫ್ ಮೋಡಿನ ದಾರಿ ಹೇಳಲು ಹೊರಟವನಿಗೆ ಏಕೋ ಕೇಳಬೇಕು ಅನ್ನಿಸಿತು.

"ಪೆಟ್ಟಿಗೆಯ ಹಿಂದೆ ಎಷ್ಟು ಕೇಬಲ್ ಇವೆ, ಸ್ವಲ್ಪ ನೋಡಿ."

ಬಗ್ಗಿ ನೋಡಿದ ಸದ್ದು, ಒಂದು ಕೆಮ್ಮು. "ಇದೊಂದು ಹಾಲಿನ ಟಿವಿಗೆ ಹೋಗಿದೆ. ಮೊನ್ನೆ ಮೊಮ್ಮಗಳು ಬಂದಾಗ ಸಿನಿಮಾ ನೋಡಲು ಎಳೆದದ್ದು. ಟಿವಿ ಆಫ್ ಇದೆಯಲ್ಲ?"

ಎಚ್‌ಡಿಎಂಐ ಕೇಬಲ್‌ನಲ್ಲಿ ಕಂಪ್ಯೂಟರೇ 5 ವೋಲ್ಟ್ ಕಳಿಸುತ್ತದೆ. ಅಷ್ಟರಿಂದಲೇ ಎಷ್ಟೋ ಟಿವಿಗಳು ಆಫ್ ಇದ್ದಾಗಲೂ ತಮ್ಮ ಜಾತಕ ಒಪ್ಪಿಸುತ್ತವೆ. ಮೊಮ್ಮಗಳು ಚಿತ್ರ ಟಿವಿಗೆ ಮಾತ್ರ ಹೋಗಲಿ ಎಂದು ಆರಿಸಿಟ್ಟು ಊರಿಗೆ ಹೋಗಿದ್ದಳು.

"ಟಿವಿ ಹಾಕಿ ಮೇಷ್ಟ್ರೇ."

ಮೆಟ್ಟಿನ ಸದ್ದು ದೂರ ಹೋಯಿತು. ಹಾಲಿನಿಂದ ಕೂಗು ಬಂತು: "ಮಾರಾಯ, ಇದು ಇಲ್ಲಿ ಕುಳಿತುಕೊಂಡು ನನ್ನ ಪಾಸ್‌ವರ್ಡ್ ಕೇಳುತ್ತಿದೆ!"