ಬೆಳಕು ಕೂಡಿಸುತ್ತದೆ, ಪೇಂಟ್ ಕಳೆಯುತ್ತದೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗು ಇದ್ದರೆ ರೇಡಿಯೋ ಹತ್ತಿರ ಕೂರಿಸಿಕೊಳ್ಳಿ. ಕೆಂಪಿಗೆ ಹಸಿರು ಸೇರಿದರೆ ಯಾವ ಬಣ್ಣ ಬರುತ್ತದೆ? ಪೇಂಟ್ ಕಲಸಿದವರೆಲ್ಲ ಕೆಸರು ಬಣ್ಣ ಅನ್ನುತ್ತಾರೆ. ಸರಿ. ಆದರೆ ಬೆಳಕಿನಲ್ಲಿ ಹಳದಿ ಬರುತ್ತದೆ. ಎರಡೂ ನಿಜ. ಯಾಕೆಂದರೆ ಬೆಳಕು ಕೂಡಿಸುತ್ತದೆ, ಪೇಂಟ್ ಕಳೆಯುತ್ತದೆ.

ನಾನು ಮೇಷ್ಟ್ರಾಗಿದ್ದಾಗ ಇದನ್ನು ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿತ್ತು. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಒಂದು ದಿನ ಎರಡು ಟಾರ್ಚ್ ತಂದೆ. ಒಂದರ ಮೂತಿಗೆ ಕೆಂಪು ಜಿಲೇಟಿನ್ ಕಾಗದ, ಇನ್ನೊಂದಕ್ಕೆ ಹಸಿರು, ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ಕಿಟಕಿಗೆಲ್ಲ ಜಮಖಾನ ಕಟ್ಟಿಸಿ, ಸುಣ್ಣದ ಗೋಡೆಯ ಮೇಲೆ ಎರಡೂ ಬೆಳಕನ್ನು ಒಂದೇ ಜಾಗಕ್ಕೆ ಬಿಟ್ಟೆವು. ಮೊದಲು ಕಿತ್ತಳೆ ಬಂತು. ಕೆಂಪು ಜಾಸ್ತಿಯಾಗಿತ್ತು. ಆ ಟಾರ್ಚ್ ಹಿಡಿದ ಹುಡುಗನಿಗೆ ಎರಡು ಹೆಜ್ಜೆ ಹಿಂದೆ ಹೋಗು ಅಂದೆ. ಹೋದ. ಗೋಡೆ ನಿಂಬೆಹಣ್ಣಿನ ಹಾಗೆ ಹಳದಿಯಾಯಿತು! ಕ್ಲಾಸಿಗೆ ಕ್ಲಾಸೇ ಹೋ ಅಂದಿತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು ಮಧ್ಯೆ ಕೈ ಚಾಚಿದಳು. ಗೋಡೆ ಮೇಲೆ ಎರಡು ನೆರಳು, ಒಂದು ಕೆಂಪು, ಒಂದು ಹಸಿರು. ಎರಡೂ ಒಂದರ ಮೇಲೊಂದು ಬಿದ್ದ ಕಡೆ ಮಾತ್ರ ಕಪ್ಪು. "ಸರ್, ನನ್ನ ಕೈ ಕೆಂಪನ್ನು ತಡೆದ ಕಡೆ ಹಸಿರು ಉಳಿದಿದೆ" ಅಂದಳು. ನಾನು ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದದ್ದನ್ನು ಅವಳು ಕೈ ಅಡ್ಡ ಹಿಡಿದು ತೋರಿಸಿದಳು.

ಈಗ ಪೇಂಟ್. ಹಳದಿ ಪೇಂಟ್ ಬಿಳಿ ಬೆಳಕಿನಲ್ಲಿರುವ ನೀಲಿಯನ್ನು ನುಂಗಿಬಿಡುತ್ತದೆ. ನೀಲಿ ಪೇಂಟ್ ಕೆಂಪನ್ನು ನುಂಗುತ್ತದೆ. ಎರಡನ್ನೂ ಕಲಸಿದರೆ ನುಂಗದೆ ಉಳಿದದ್ದು ಹಸಿರು ಮಾತ್ರ. ಅದೇ ಹಳದಿ ಬೆಳಕಿಗೆ ನೀಲಿ ಬೆಳಕು ಸೇರಿಸಿ, ಬಿಳಿ ಆಗುತ್ತದೆ. ಬೆಳಕು ಕೂಡಿಸುತ್ತದೆ, ಪೇಂಟ್ ಕಳೆಯುತ್ತದೆ. ಇಷ್ಟನ್ನು ಹೇಳದೆ ಡ್ರಾಯಿಂಗ್ ಪೀರಿಯಡ್‌ನಲ್ಲಿ ಮೂಲ ಬಣ್ಣ ಕೆಂಪು, ಹಳದಿ, ನೀಲಿ ಅಂತಲೂ, ಸೈನ್ಸ್ ಪೀರಿಯಡ್‌ನಲ್ಲಿ ಕೆಂಪು, ಹಸಿರು, ನೀಲಿ ಅಂತಲೂ ಸುಮ್ನೆ ಬರೆಸಿದರೆ ಮಗು ಯಾವುದನ್ನು ನಂಬಬೇಕು, ನೀವೇ ಹೇಳಿ?

ಮ್ಯಾಕ್ಸ್‌ವೆಲ್ ಅನ್ನುವ ಭೌತವಿಜ್ಞಾನಿ 1861ರಲ್ಲಿ ಲಂಡನ್ನಿನಲ್ಲಿ ಕೆಂಪು, ಹಸಿರು, ನೀಲಿ ಈ ಮೂರೇ ಬೆಳಕನ್ನು ತೆರೆಯ ಮೇಲೆ ಸೇರಿಸಿ ಒಂದು ಚೌಕಳಿ ರಿಬ್ಬನ್ನಿನ ಬಣ್ಣದ ಚಿತ್ರ ತೋರಿಸಿದರು. ನಿಮ್ಮ ಮೊಬೈಲ್ ಇವತ್ತಿಗೂ ಮಾಡುವುದು ಅದನ್ನೇ. ಟೈಮ್ ಆಗುತ್ತಾ ಬಂತು, ಪ್ರಿಂಟರ್ ಶಾಯಿಯ ವಿಷಯ ಬಿಡುತ್ತೇನೆ. ಮೊಬೈಲಿನಲ್ಲಿ ಒಂದು ಹಳದಿ ಚಿತ್ರ ತೆರೆದು, ಬೆರಳು ಅದ್ದಿ ಪುಟ್ಟ ಹನಿ ನೀರು ಬಿಡಿ. ಹನಿಯೊಳಗೆ ಬಗ್ಗಿ ನೋಡಿ. ಕೆಂಪು ಚುಕ್ಕಿ, ಹಸಿರು ಚುಕ್ಕಿ, ಅಷ್ಟೇ. ಹಳೇ ಟಿವಿ ಇದ್ದರೆ ಭೂತಗನ್ನಡಿ ಹಿಡಿಯಿರಿ, ಇನ್ನೂ ದೊಡ್ಡದಾಗಿ ಕಾಣುತ್ತವೆ. ನಮಸ್ಕಾರ.