ಚಿತ್ರದೊಳಗಿನ ಸಂಕ

ಕೇಳುಗರಿಗೆ ನಮಸ್ಕಾರ.

ಉಡುಪಿಯ ಹಳ್ಳಿಗಳಲ್ಲಿ ತುಂಬಿ ಹರಿಯುವ ತೋಡಿನ ಮೇಲೆ ಅಡಕೆ ಮರದ ಕಾಂಡಗಳನ್ನು ಅಡ್ಡ ಹಾಕಿ, ಕೈಯಾಸರೆಗೆ ಒಂದು ಬದಿಯಲ್ಲಿ ಬಿದಿರು ಕಟ್ಟಿ ಮಾಡಿದ ಕಾಲುಸಂಕವನ್ನು ಮಳೆಗಾಲದಲ್ಲಿ ದಾಟಿದವರಿಗೆ, ನಡುಭಾಗಕ್ಕೆ ಬಂದಾಗ ಹೆಜ್ಜೆ ತಾನಾಗಿ ನಿಧಾನವಾಗುವುದು ಗೊತ್ತಿರುತ್ತದೆ. ಹಿಂದಿನ ದಡವನ್ನು ಬಿಟ್ಟಾಗಿದೆ, ಮುಂದಿನ ದಡ ಇನ್ನೂ ಸಿಕ್ಕಿಲ್ಲ, ಕೆಳಗೆ ಕೆಂಪು ನೀರು. ನಿಸರ್ಗಚಿತ್ರಗಳಲ್ಲಿ ಸೇತುವೆ ಏನನ್ನು ಸೂಚಿಸುತ್ತದೆ ಎಂದು ಕೇಳಿದರೆ, ಎರಡು ದಡಗಳ ಬೆಸುಗೆಯನ್ನು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ದೊಡ್ಡ ಕಲಾವಿದರನ್ನು ಸೆಳೆದದ್ದು ಬೆಸುಗೆಗಿಂತ ಹೆಚ್ಚಾಗಿ ಈ ನಡುಭಾಗವೇ ಎಂದು ನಾನು ನಂಬಿದ್ದೇನೆ.

ಜಪಾನಿನ ಹಿರೋಶಿಗೆ 1857ರಲ್ಲಿ ರಚಿಸಿದ ಮರದಚ್ಚಿನ ಚಿತ್ರವೊಂದರಲ್ಲಿ, ಇಂದಿನ ಟೋಕಿಯೋ ಆಗಿರುವ ಎದೋ ನಗರದ ಸುಮಿದಾ ನದಿಯ ಮರದ ಸೇತುವೆಯ ಮೇಲೆ ಹಠಾತ್ತನೆ ಮಳೆ ಸುರಿಯುತ್ತಿದೆ. ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಗಳೇ ಆ ಮಳೆ. ಕೆಲವರು ಕೊಡೆಯಡಿಯಲ್ಲಿ ಮುದುಡಿದ್ದಾರೆ, ಒಬ್ಬ ಚಾಪೆಯನ್ನು ತಲೆಗೆ ಹೊದ್ದು ಬಾಗಿ ಓಡುತ್ತಿದ್ದಾನೆ. ಅವನನ್ನು ಕಂಡಾಗಲೆಲ್ಲ ನನಗೆ ಮಳೆಗೆ ಎಲೆಗಳಿಂದ ಹೆಣೆದ ಗೊರಬು ಹೊದ್ದು ಭತ್ತದ ನೇಜಿ ನೆಡುತ್ತಿದ್ದ ನಮ್ಮ ಗದ್ದೆಗಳ ಹೆಂಗಸರು ನೆನಪಾಗುತ್ತಾರೆ. ಕೆಳಗೆ ನದಿಯಲ್ಲಿ ಒಬ್ಬನೇ ಒಬ್ಬ ತೆಪ್ಪ ನಡೆಸುತ್ತಿದ್ದಾನೆ. ಆಚೆ ದಡ ಬೂದು ಬಣ್ಣದಲ್ಲಿ ಕರಗಿದೆ. ಸೇತುವೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಚಿತ್ರ ನಮಗೆ ತೋರಿಸುವುದಿಲ್ಲ. ದಾಟುವಿಕೆಯಷ್ಟೇ ಉಳಿದಿದೆ. ನೆದರ್ಲೆಂಡಿನ ಕಲಾವಿದ ವಿನ್ಸೆಂಟ್ ವ್ಯಾನ್‌ಗೋ 1887ರಲ್ಲಿ ಇದನ್ನು ತೈಲವರ್ಣದಲ್ಲಿ ಪ್ರತಿ ಮಾಡಿದರು. ಮರುವರ್ಷ ಫ್ರಾನ್ಸಿನ ಆರ್ಲ್ ಊರಿನ ಮೇಲಕ್ಕೆತ್ತುವಂಥ ಸೇತುವೆಯೊಂದನ್ನು ಮತ್ತೆ ಮತ್ತೆ ಚಿತ್ರಿಸಿದರು.

ಫ್ರಾನ್ಸಿನ ಕಲಾವಿದ ಕ್ಲೋದ್ ಮೊನೆ ತಮ್ಮ ತೋಟದ ಕೊಳಕ್ಕೆ ತಾವೇ ಕಟ್ಟಿಸಿದ ಕಿರುಸೇತುವೆಯನ್ನು 1899ರಲ್ಲಿ ಬಿಡಿಸಿದಾಗ ಅದರ ಮೇಲೆ ಯಾರನ್ನೂ ನಿಲ್ಲಿಸಲಿಲ್ಲ. ನೈದಿಲೆಯ ಎಲೆಗಳ ಮೇಲೆ ತೇಲುವಂತಿರುವ ಆ ಹಸಿರು ಕಮಾನಿನ ಮುಂದೆ ನಿಂತಾಗ, ನಡುವಿನ ಖಾಲಿ ಜಾಗ ನೋಡುಗನನ್ನೇ ಕರೆಯುತ್ತಿದೆ ಎನ್ನಿಸುತ್ತದೆ. ಇಂಗ್ಲೆಂಡಿನ ಟರ್ನರ್ ಅವರ 1844ರ ಚಿತ್ರದಲ್ಲಿ ಮಳೆಯೊಳಗಿಂದ ರೈಲೊಂದು ಸೇತುವೆಯ ಮೇಲೆ ನಮ್ಮತ್ತ ನುಗ್ಗಿ ಬರುತ್ತದೆ, ಅದು ಹೊರಟ ದಡ ಮಂಜಿನಲ್ಲಿ ಅಳಿಸಿಹೋಗಿದೆ. ಜೋರು ಮಳೆಯಲ್ಲಿ ಕೇರಳದ ಕಡೆಯ ರೈಲು ನೇತ್ರಾವತಿಯನ್ನು ದಾಟುವಾಗ ಕಿಟಕಿಯ ಬಳಿ ಕುಳಿತವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

ನಮ್ಮ ಕರಾವಳಿಯ ಚಿತ್ರಗಳಲ್ಲಿ ತೆಂಗು, ದೋಣಿ, ಸಂಜೆಯ ಕಡಲು ಧಾರಾಳವಾಗಿ ಸಿಗುತ್ತವೆ, ಕಾಲುಸಂಕ ಮಾತ್ರ ಅಪರೂಪ. ಅದರ ಜಾಗಕ್ಕೆ ಕಾಂಕ್ರೀಟಿನ ಸೇತುವೆ ಬರಲೇಬೇಕು, ಶಾಲೆಗೆ ಹೋಗುವ ಮಕ್ಕಳ ಜೀವಕ್ಕಿಂತ ಯಾವ ಚಿತ್ರವೂ ದೊಡ್ಡದಲ್ಲ. ಆದರೆ ಅದಕ್ಕೆ ಮೊದಲು ಯಾರಾದರೂ ಒಬ್ಬರು ತುಳುವರ ಆಟಿ ತಿಂಗಳ ಮಳೆಯಲ್ಲಿ ನಿಂತು, ಕೊಡೆ ಹಿಡಿದು ದಾಟುವವರ ಸಮೇತ, ಎರಡೂ ದಡಗಳನ್ನು ಕಾಗದದ ಹೊರಗೆ ಬಿಟ್ಟು, ಆ ಸಂಕವನ್ನು ಬರೆದಿಡಬೇಕೆಂಬುದು ನನ್ನ ಆಸೆ.

ನಮಸ್ಕಾರ.