ಕಾರಿನ ಬ್ಯಾಟರಿ ಪದೇ ಪದೇ ಇಳೀತಿದ್ಯಾ? ಹೊಸದು ಹಾಕ್ಸೋಕೆ ಮುಂಚೆ ಇಷ್ಟು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗ್ಗೆ ಹೊರಡೋ ಗಡಿಬಿಡೀಲಿ ಕಾರಲ್ಲಿ ಕೂತು ಕೀ ತಿರುಗಿಸ್ತೀರ, ಟಕ್ ಟಕ್ ಟಕ್ ಅಂತ ಸದ್ದು ಬರತ್ತೆ ಅಷ್ಟೇ, ಡ್ಯಾಶ್‌ಬೋರ್ಡ್ ಲೈಟೆಲ್ಲಾ ಮಂಕಾಗಿ ಸೆಲ್ಫ್ ತಗೊಳ್ಳೋದೇ ಇಲ್ಲ. ಯಾರದ್ದೋ ಕಾರಿಂದ ಕೇಬಲ್ ಹಾಕಿ ಜಂಪ್ ಸ್ಟಾರ್ಟ್ ಮಾಡ್ತೀರ, ಅವತ್ತಿಗೆ ಸರಿ ಹೋಯ್ತು ಅನ್ಸತ್ತೆ, ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ. ಆಗ ಎಲ್ರೂ ಹೇಳೋದು ಒಂದೇ ಮಾತು, ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ.

ನಾನೂ ಹಂಗೇ ಮಾಡಿದ್ದೆ. ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ. ಟೆಸ್ಟ್ ಮಾಡಿದವರು ಬ್ಯಾಟರಿ ಹೋಗಿದೆ ಅಂದಿದ್ದು ಸುಳ್ಳೇನಲ್ಲ, ನಿಜವಾಗ್ಲೂ ಹೋಗಿತ್ತು. ಆದ್ರೆ ಯಾಕೆ ಹೋಯ್ತು ಅಂತ ಅವರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ತೂತಾಗಿರೋ ಕೊಡದಲ್ಲಿ ನೀರು ನಿಲ್ಲಲ್ಲ ಅಂತ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬ್ತಾ ಕೂತ್ರೆ ಏನು ಪ್ರಯೋಜನ ಹೇಳಿ. ಬ್ಯಾಟರಿ ಪದೇ ಪದೇ ಇಳಿಯೋದಕ್ಕೆ ಮುಖ್ಯವಾಗಿ ಮೂರು ಕಾರಣ. ಒಂದೋ ಬ್ಯಾಟರಿಗೇ ಚಾರ್ಜ್ ಹಿಡಿದಿಟ್ಕೊಳ್ಳೋ ಶಕ್ತಿ ಇಲ್ಲ, ಅಥವಾ ಡೈನಮೋ, ಅಂದ್ರೆ ಇಂಜಿನ್ ಓಡೋವಾಗ ಬ್ಯಾಟರಿ ತುಂಬೋ ಆಲ್ಟರ್ನೇಟರ್, ಸರಿಯಾಗಿ ಚಾರ್ಜ್ ಮಾಡ್ತಿಲ್ಲ, ಅಥವಾ ಕಾರು ನಿಂತಿರೋವಾಗ ಯಾವ್ದೋ ಒಂದು ಕರೆಂಟ್ ಎಳೀತಾ ಇದೆ. ಈ ಮೂರರಲ್ಲಿ ಯಾವ್ದು ಅಂತ ಗೊತ್ತಾಗೋವರೆಗೂ ದಯವಿಟ್ಟು ಜೇಬಿಗೆ ಕೈ ಹಾಕ್ಬೇಡಿ.

ಇದಕ್ಕೆ ಬೇಕಾಗಿರೋದು ಒಂದು ಸಾಧಾರಣ ಮಲ್ಟಿಮೀಟರ್, ಅಂದ್ರೆ ವೋಲ್ಟೇಜ್, ಕರೆಂಟ್ ಅಳೆಯೋ ಮೀಟರ್. ಪೆನ್ನು ಪೇಪರ್ ಇದ್ರೆ ಇಟ್ಕೊಳ್ಳಿ, ನಾನು ಹೇಳೋ ನಂಬರ್ ಬರ್ಕೊಂಡ್ರೆ ಒಳ್ಳೇದು.

ಹಿಂದಿನ ದಿನ ಓಡಿಸಿ ನಿಲ್ಲಿಸಿದ ಕಾರು, ರಾತ್ರಿ ಪೂರ್ತಿ ಹಂಗೇ ನಿಂತಿರ್ಬೇಕು. ಬೆಳಗ್ಗೆ ಬೇರೇನೂ ಮುಟ್ಟದೆ ಬಾನೆಟ್ ಎತ್ತಿ ಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು ಎರಡೂ ಟರ್ಮಿನಲ್‌ಗೆ ಹಿಡೀರಿ. 12.6 ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಬಂದ್ರೆ ಫುಲ್ ಚಾರ್ಜ್, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಹೋದ್ರೆ ಹೆಚ್ಚೂ ಕಡಿಮೆ ಖಾಲಿ. ತುಂಬಾ ಜನ 12 ವೋಲ್ಟ್ ಬ್ಯಾಟರಿ ಅಲ್ವಾ, 12 ಬಂತಲ್ಲ, ಸರಿಯಾಗೇ ಇದೆ ಅಂದ್ಕೋತಾರೆ, ಅದು ತಪ್ಪು. ಒಳಗೆ ಆರು ಸೆಲ್ ಇರತ್ತೆ, ಒಂದೊಂದೂ 2.1 ವೋಲ್ಟ್, ಆರು ಸೇರಿದ್ರೆ 12.6, ಅದು ಪೂರ್ತಿ ತುಂಬಿರೋ ಲೆಕ್ಕ. ಮೀಟರ್ ಹಿಡಿದಿರೋ ಹಂಗೇ ಇನ್ನೊಬ್ರಿಗೆ ಸೆಲ್ಫ್ ಹೊಡೀರಿ ಅನ್ನಿ. ಆ ಕ್ಷಣದಲ್ಲಿ ವೋಲ್ಟೇಜ್ ಇಳಿಯೋದು ಸಹಜ, ಆದ್ರೆ ಫುಲ್ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡ್ಬೇಕು.

ಇಂಜಿನ್ ಸ್ಟಾರ್ಟ್ ಆಯ್ತಲ್ಲ, ಈಗ ಅದೇ ಜಾಗದಲ್ಲಿ ಮತ್ತೆ ನೋಡಿ. ಹೆಡ್‌ಲೈಟ್ ಹಾಕಿ, ಬ್ಲೋವರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದ್ರೆ 13.8ರಿಂದ 14.5ರ ಒಳಗೆ ಇರ್ಬೇಕು. 12 ಚಿಲ್ಲರೇಲೇ ನಿಂತಿದ್ರೆ ಚಾರ್ಜ್ ಆಗ್ತಿಲ್ಲ ಅಂತ, ಆಗ ಬೆಲ್ಟ್ ಸಡಿಲ ಆಗಿದ್ಯಾ, ಡೈನಮೋ ಹಿಂದಿನ ದಪ್ಪ ವೈರ್ ಲೂಸ್ ಇದ್ಯಾ ನೋಡಿ. 15 ದಾಟಿದ್ರೆ ಅದೂ ಕೆಟ್ಟದ್ದೇ, ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗಿ ಓವರ್‌ಚಾರ್ಜ್ ಆಗ್ತಿದೆ, ಬ್ಯಾಟರಿ ನೀರು ಬೇಗ ಒಣಗತ್ತೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಹೆಚ್ಚು ಕಡಿಮೆ ಮಾಡತ್ತೆ, ಅದಕ್ಕೇ ಒಂದು ಸಲ ಕಮ್ಮಿ ತೋರಿಸ್ತು ಅಂತ ಗಾಬರಿ ಆಗ್ದೆ ಎರಡು ಮೂರು ಸಲ ನೋಡಿ.

ಟರ್ಮಿನಲ್ ಹತ್ರ ಬಿಳಿ ಹಸಿರು ಪುಡಿ ಕಟ್ಟಿದ್ರೆ ಕ್ಲೀನ್ ಮಾಡಿ, ಕ್ಲಾಂಪ್ ಕೈಯಲ್ಲಿ ತಿರುಗಿದ್ರೆ ಟೈಟ್ ಮಾಡಿ. ಎಷ್ಟೋ ಸಲ ಕಥೆ ಇಲ್ಲೇ ಮುಗಿಯತ್ತೆ.

ಇನ್ನು ಮೂರನೇದು, ಕಾರು ನಿಂತಿರೋವಾಗ ಆಗೋ ಸೋರಿಕೆ. ಜನರ ತಲೆ ಕೆಡಿಸೋದು ಇದೇ. ಮೊದ್ಲು ಮೀಟರ್ ಇಲ್ದೇನೇ ಮಾಡೋ ಒಂದು ಪರೀಕ್ಷೆ ಹೇಳ್ತೀನಿ. ಬ್ಯಾಟರಿ ಫುಲ್ ಚಾರ್ಜ್ ಮಾಡಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ ಎರಡು ಮೂರು ದಿನ ಹಂಗೇ ಬಿಡಿ, ಆಮೇಲೆ ಹಾಕಿ ಸೆಲ್ಫ್ ಹೊಡೀರಿ. ಜೋರಾಗಿ ತಗೊಂಡ್ರೆ ಬ್ಯಾಟರಿ ಸಾಚಾ, ತಪ್ಪು ಕಾರಿಂದು. ಬಿಚ್ಚಿಟ್ಟಿದ್ರೂ ಇಳಿದು ಹೋಗಿದ್ರೆ ತಪ್ಪು ಬ್ಯಾಟರಿದೇ. ಗಡಿಯಾರ ಮತ್ತೆ ಸೆಟ್ ಮಾಡ್ಬೇಕಾಗತ್ತೆ, ಕೆಲವು ಸ್ಟೀರಿಯೋ ಕೋಡ್ ಕೇಳತ್ತೆ, ಅದನ್ನ ಮೊದ್ಲೇ ಹುಡುಕಿ ಇಟ್ಕೊಳ್ಳಿ.

ತಪ್ಪು ಕಾರಿಂದು ಅಂತ ಆಯ್ತು, ಈಗ ಕಳ್ಳನ್ನ ಹಿಡೀಬೇಕು. ಎಲ್ಲಾ ಆಫ್ ಮಾಡಿ, ಬಾನೆಟ್ ತೆಗೆದಿಟ್ಟು, ಫ್ಯೂಸ್ ಬಾಕ್ಸ್ ಒಳಗಿದ್ರೆ ಆ ಡೋರನ್ನೂ ತೆಗೆದಿಟ್ಟು ಡೋರಿನ ಲಾಕನ್ನ ಸ್ಕ್ರೂಡ್ರೈವರಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಇಲ್ಲಾಂದ್ರೆ ಡೋರ್ ಓಪನ್ ಅಂತ ಕಾರು ಎಚ್ಚರವಾಗೇ ಇರತ್ತೆ. ಆಮೇಲೆ ಡೋರ್ ಹಾಕೋಕೆ ಮುಂಚೆ ಹ್ಯಾಂಡಲ್ ಎಳೆದು ಆ ಲಾಕ್ ಬಿಡಿಸೋದು ಮರೀಬೇಡಿ, ಮುರಿಯತ್ತೆ. ಕೀ ದೂರ ಇಡಿ. ಮೀಟರಿನ ಕೆಂಪು ವೈರನ್ನ 10 ಆಂಪಿಯರ್ ತೂತಿಗೆ ಹಾಕಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಬ್ಯಾಟರಿ ಕಂಬಕ್ಕೂ ಮಧ್ಯೆ ಮೀಟರ್ ಸೇರಿಸಿ. ಈಗ ಯಾವ ಕಾರಣಕ್ಕೂ ಸೆಲ್ಫ್ ಹೊಡೀಬೇಡಿ, ಇಗ್ನಿಷನ್ ಕೂಡ ಹಾಕ್ಬೇಡಿ, ಮೀಟರ್ ಫ್ಯೂಸ್ ಸುಟ್ಟು ಹೋಗತ್ತೆ.

ಮೊದ್ಲಿಗೆ ಜಾಸ್ತಿ ತೋರಿಸತ್ತೆ, ಒಂದು ಆಂಪಿಯರ್, ಎರಡು, ಅದಕ್ಕೂ ಮೇಲೆ. ಇಲ್ಲೇ ಜನ ಅವಸರ ಪಡೋದು. ಕಾರಿನೊಳಗಿನ ಚಿಕ್ಕ ಚಿಕ್ಕ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆಗೆ ಹೋಗ್ಬೇಕು, ಕೆಲವು ಕಾರಲ್ಲಿ ಐದು ನಿಮಿಷ, ಕೆಲವಲ್ಲಿ ಅರ್ಧ ಗಂಟೆಗೂ ಮೇಲೆ. ಒಂದು ಕಡೆ ಕೂತ್ಕೊಳ್ಳಿ, ಕಾಯಿರಿ. ಕೊನೆಗೆ 0.05 ಆಂಪಿಯರ್, ಅಂದ್ರೆ 50 ಮಿಲಿ ಆಂಪಿಯರ್ ಒಳಗೆ ನಿಂತ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, ಗಡಿಯಾರ ಅಲಾರಂ ಇವಕ್ಕೆಲ್ಲಾ ಅಷ್ಟು ಬೇಕೇ ಬೇಕು.

ನನ್ನ ಕಾರಲ್ಲಿ ಮುಕ್ಕಾಲು ಗಂಟೆ ಕಾದ ಮೇಲೂ 0.45ರಿಂದ ಇಳೀಲಿಲ್ಲ. ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡ್ತಾ ಬಂದೆ, ಕಿತ್ತಿದ್ದನ್ನ ಮತ್ತೆ ಹಾಕಿದ್ರೆ ಕೆಲವು ಸಲ ಕಾರು ಎಚ್ಚರ ಆಗ್ಬಿಡತ್ತೆ, ಅದಕ್ಕೇ ಹಾಕ್ದೆ ಕಿತ್ತ ಕ್ರಮದಲ್ಲೇ ಪಕ್ಕಕ್ಕೆ ಜೋಡಿಸ್ಕೊಂಡೆ. ಫ್ಯೂಸ್ ಕೀಳೋಕೆ ಇಷ್ಟ ಇಲ್ಲದವರು ನೆಗೆಟಿವ್ ಕ್ಲಾಂಪ್ ವಾಪಸ್ ಹಾಕಿ, ಕಾರು ನಿದ್ದೆಗೆ ಹೋದ ಮೇಲೆ ಮೀಟರಿನ ಕೆಂಪು ವೈರನ್ನ ವೋಲ್ಟ್ ತೂತಿಗೆ ಬದಲಾಯಿಸಿ, ಮೀಟರನ್ನ ಮಿಲಿವೋಲ್ಟಿಗೆ ಇಟ್ಟು, ಫ್ಯೂಸ್ ತಲೆ ಮೇಲೆ ಕಾಣೋ ಎರಡು ಲೋಹದ ಚುಕ್ಕೆಗೆ ಮುಟ್ಟಿಸಿ, ಸೊನ್ನೆ ಬಂದ್ರೆ ಅಲ್ಲಿ ಕರೆಂಟ್ ಹರೀತಿಲ್ಲ, ಏನಾದ್ರೂ ನಂಬರ್ ಬಂದ್ರೆ ಹರೀತಿದೆ. ಆಮೇಲೆ ಹಾಕಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಟ್ರ್ಯಾಕರ್ ಇವನ್ನ ಮೊದ್ಲು ನೋಡಿ, ಅವು ಕೆಲವು ಸಲ ಫ್ಯೂಸ್ ಬಾಕ್ಸ್ ತಪ್ಪಿಸಿ ನೇರ ಬ್ಯಾಟರಿಗೇ ಕೊಟ್ಟಿರ್ತಾರೆ. ಎಲ್ಲಾ ಫ್ಯೂಸ್ ಕಿತ್ತ ಮೇಲೂ ಕರೆಂಟ್ ಹೋಗ್ತಾನೇ ಇದ್ರೆ ಡೈನಮೋ ಒಳಗಿನ ಡಯೋಡ್, ಅಂದ್ರೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಭಾಗ, ಹೋಗಿರ್ಬಹುದು. ಚಾರ್ಜ್ ಮಾಡ್ಬೇಕಾದ್ದೇ ರಾತ್ರಿಯೆಲ್ಲಾ ಹಿಂದಕ್ಕೆ ಹೀರತ್ತೆ.

ನನಗೆ ಸಿಕ್ಕಿದ್ದು ಒಳಗಿನ ಲೈಟುಗಳ ಫ್ಯೂಸ್. ಕಿತ್ತ ತಕ್ಷಣ 0.45 ಹೋಗಿ 0.03 ಆಯ್ತು. ಆದ್ರೆ ಎಲ್ಲಾ ಲೈಟ್ ಆರಿದ್ವಲ್ಲ, ಯಾವ್ದು? ಫ್ಯೂಸ್ ವಾಪಸ್ ಹಾಕಿ, ಮೊಬೈಲಲ್ಲಿ ವಿಡಿಯೋ ರೆಕಾರ್ಡಿಂಗ್ ಹಾಕಿ ಡಿಕ್ಕಿ ಒಳಗಿಟ್ಟು ಮುಚ್ಚಿದೆ. ತೆಗೆದು ನೋಡಿದ್ರೆ ಡಿಕ್ಕಿ ಮುಚ್ಚಿದ ಮೇಲೂ ಬೆಳಕು ಹಂಗೇ ಇದೆ. 5 ವ್ಯಾಟ್ ಬಲ್ಬು, ಸುಮಾರು 0.42 ಆಂಪಿಯರ್, 24 ಗಂಟೆ ಉರಿದ್ರೆ ದಿನಕ್ಕೆ 10 ಆಂಪಿಯರ್ ಅವರ್ (ಆಂಪಿಯರನ್ನ ಗಂಟೆಯಿಂದ ಗುಣಿಸಿದ ಲೆಕ್ಕ). 45 ಆಂಪಿಯರ್ ಅವರ್ ಬ್ಯಾಟರಿ ಎರಡು ದಿನದಲ್ಲಿ ಹತ್ರ ಹತ್ರ ಅರ್ಧ ಖಾಲಿ. ಆಗ ಹೊಳೀತು, ತೊಂದ್ರೆ ಬರ್ತಿದ್ದಿದ್ದು ಯಾವಾಗ್ಲೂ ಸೋಮವಾರ ಬೆಳಗ್ಗೆ, ಶನಿವಾರ ಭಾನುವಾರ ಕಾರು ನಿಂತೇ ಇರ್ತಿತ್ತು. ಉಳಿದ ದಿನ ಓಡ್ಸೋದೂ ಹತ್ತು ನಿಮಿಷ ಅಷ್ಟೇ, ಅಷ್ಟರಲ್ಲಿ ಕಳ್ಕೊಂಡಿದ್ದು ವಾಪಸ್ ತುಂಬಲ್ಲ. ಹೀಗೆ ಅರೆಖಾಲಿ ಇದ್ದೂ ಇದ್ದೂ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಬಿಡತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಪೂರ್ತಿ ಕರಗಲ್ಲ. ಆ ಎರಡು ಬ್ಯಾಟರೀನೂ ಸತ್ತಿದ್ದು ಹಾಗೇ.

ಒಂದು ಎಚ್ಚರಿಕೆ ಹೇಳಲೇಬೇಕು. ಚಾರ್ಜ್ ಆಗೋವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರತ್ತೆ, ಹತ್ರ ಬೆಂಕಿ ಕಿಡಿ ಬೇಡ. ಕೈಯಲ್ಲಿರೋ ಉಂಗುರ, ವಾಚ್ ತೆಗೆದಿಡಿ. ಬಿಚ್ಚೋವಾಗ ನೆಗೆಟಿವ್ ಮೊದ್ಲು, ಹಾಕೋವಾಗ ನೆಗೆಟಿವ್ ಕೊನೆಗೆ.

ಡಿಕ್ಕಿ ಸ್ವಿಚ್ಚಿನ ತಗಡು ಒಂದು ಚೂರು ಬಾಗಿತ್ತು, ಬೆರಳಲ್ಲೇ ಸರಿ ಮಾಡಿದೆ. ಮುಂದಿನ ಸೋಮವಾರ ಬೆಳಗ್ಗೆ ಮೀಟರ್ ಹಿಡಿದ್ರೆ 12.6. ನಮಸ್ಕಾರ.